ಹನ್ನೆರಡು ಸೆಕೆಂಡು

ಅಕ್ಕಲಕೋಟ ರೋಡಿನ ಶೆಡ್ಡಿನಾಗ
ತಿಂಗಳಿಗೊಮ್ಮಿ ಪರೀಕ್ಷಾ.
ಅಂಗೈ ಅಗಲ ಫೋಮಿನ ತುಂಡು
ತಂತಿಗೆ ಸಿಗಿಸಿ, ಕೆಳಗ ಸಣ್ಣ ಉರಿ ಹಿಡೀತಾರ.
ಹನ್ನೆರಡು ಸೆಕೆಂಡು.
ಉರಿ ತಗದ್ರ ಫೋಮೂ ಆರತದ,
ಅಂಚಷ್ಟ ಕರ್ರಗ.
ಗಾಯಕವಾಡ ಸಾಹೇಬ ‘ಪಾಸ್’ ಅಂತ ಬರಕೋತಾನ.
ನಾವು ಎಂಟು ಮಂದಿ ಹೆಂಗಸರು ಮತ್ತ ಕತ್ತರಿ ಹಿಡೀತೀವಿ.

ನಮ್ಮಪ್ಪ ಬಂದಗಿಸಾಬ, ಮೈಂದರಗಿ ಪಿಂಜಾರ.
ಹೆಗಲ ಮ್ಯಾಲ ಕಮಾನು ಹೊತ್ತು
ಓಣಿ ಓಣಿ ತಿರಗಿ ಹತ್ತಿ ಹಿಂಜಾಂವ.
ಟೊಂಯ್ ಅಂತ ನರ ಮೀಟಿದ್ರ
ಹತ್ತು ವರ್ಷ ಮಂದಿ ಮೈಭಾರಕ್ಕ ಗಂಟಾದ ಗಾದಿ ಹತ್ತಿ
ಮತ್ತ ಮಾಡ ಆಗಿ ಏಳತಿತ್ತು.
ಅಂವಗೂ ಕೆಮ್ಮಿತ್ತು, ಸುಳ್ಳ್ಯಾಕ ಹೇಳ್ಲಿ,
ಆ ಧೂಳ ಅಂವನ್ನ ಒಯ್ತು.
ಆದ್ರ ಹುಬ್ಬಿನ ಮ್ಯಾಲ ಬೆಳ್ಳಗ ಕಾಣತಿತ್ತು,
ಅವ್ವ ಸೆರಗಿಲೆ ಒರಸತಿದ್ಲು.

ನನ್ನ ಧೂಳು ಕಾಣೂದಿಲ್ಲ.

ಮೊದಲ ನೀಲಿ ಬ್ಯಾರಲ್ ಇದ್ದವು,
ಮ್ಯಾಲ ತಲಿಬುರುಡಿ ಚಿತ್ರ.
ಹೊರದೇಶದಾಗ ಬಾಣಂತೇರ ಎದಿಹಾಲಿನಾಗ
ಅದು ಸಿಕ್ಕದ ಅಂತ, ಬಂದ್ ಮಾಡ್ಯಾರ ಅಂತ
ಒಂದಿನ ಎಲ್ಲಾ ಹೊರಳಿಸಿಕೋತ ಒಯ್ದ್ರು.
ಒಂದು ಮಾತ್ರ ಉಳೀತು. ತೊಳದು
ನೀರು ತುಂಬಿ ಬಾಗಲ ಕಡಿ ಇಟ್ಟಾರ.
ಆಮ್ಯಾಲ ಬಿಳೀ ಬ್ಯಾರಲ್ ಬಂದ್ವು, ಹಸರ ಎಲಿ ಚಿತ್ರದ್ದು.
ಯಾವ ಗಿಡದ ಎಲಿ ಅಂತ ಭಾಳ ಹೊತ್ತು ನೋಡಿದೆ.
ಬೇವಿಂದಲ್ಲ, ಬಸರಿದಲ್ಲ,
ನಾ ಕಂಡ ಯಾವ ಗಿಡದ್ದೂ ಅಲ್ಲ.
‘ಹಳೇದು ವಿಷ ಇತ್ತು, ಇದು ಹಂಗಿಲ್ಲ’ ಅಂದ ಗಾಯಕವಾಡ.
ಹಳೇದು ಬಂದಾಗೂ ಇದ ಮಾತು ಕೇಳಿದ್ದೆ,
ಅವಾಗ ಸಾಹೇಬ ಬ್ಯಾರೆ ಇದ್ದ.

ಪೋಚಮ್ಮಗ ಮೂರು ಸಲ ಬಸರು ನಿಲ್ಲಲಿಲ್ಲ.
ನನ್ನ ಗಂಟಲಾಗಿನ ಗ್ರಂಥಿ ಸೋತದ,
ಮುಂಜಾನೆದ್ದು ಖಾಲಿ ಹೊಟ್ಟಿಲೆ ಒಂದು ಗುಳಗಿ.
‘ನಿಮ್ಮ ಮನಿತನದಾಗ ಯಾರಿಗರ ಇತ್ತೇನು?’
ಅಂತ ಡಾಕ್ಟರ ಕೇಳ್ದ.
ಏನ್ ಕೆಲಸ ಮಾಡ್ತಿ ಅಂತ ಕೇಳಲಿಲ್ಲ.
ಕೇಳಿದ್ರ ನಾ ಏನ್ ಹೇಳ್ತಿದ್ದೆ?
ಇದರಿಂದ ಅದು ಅನ್ಲಿಕ್ಕ
ನನ್ನ ಹಂತ್ಯಾಕ ಕತ್ತರಿ ಬಿಟ್ರ ಏನದ?

ಪುಣೆದಿಂದ ಓದೂ ಹುಡುಗಿ ಬಂದಿದ್ಲು.
ಹಸೀ ಅರಿವಿಲೆ ನಮ್ಮ ಅಂಗೈ ಒರಸಿ
ಒಂದೊಂದು ಸೀಸೆದಾಗ ಹಾಕಿ ಹೆಸರು ಬರದ್ಲು.
ನನ್ನ ಹೆಸರು ತಪ್ಪಿತ್ತು, ತಿದ್ದಿಸಿದೆ: ದಾವಲಬಿ.
‘ಇದು ಫೋಮಿಗೆ ಅಂಟಿಕೊಂಡಿರೂದಿಲ್ಲ ಮಾವಶಿ,
ದಿನಾ ಚೂರಚೂರು ಹೊರಗ ಬರತದ,
ಉಣ್ಣೂ ಮೊದಲ ಕೈ ತೊಳೀರಿ’ ಅಂದ್ಲು.
ನಾವು ಎಂಟೂ ಮಂದಿ
ನೀಲಿ ಬ್ಯಾರಲ್ ಕಡೆ ನೋಡಿದಿವಿ.
ಆ ನೀರು ನಾಲಾಕ್ಕ ಹೋಗತದ.
ನಾಲಾ ಎಲ್ಲಿಗೆ ಅಂತ ಯಾರೂ ಕೇಳಿಲ್ಲ,
ಮುಂದ ಸೀನಾ ಹೊಳಿ ಅದ, ಅಷ್ಟು ಗೊತ್ತು.

ಈಗ ಒಂದು ಮಾತು ಹೇಳಬೇಕು.
ಮೊಮ್ಮಗ ಹುಟ್ಟಿದಾಗ, ಪಿಂಜಾರನ ಮಗಳು ನಾನು,
ಕತ್ತರಿಸಿ ಉಳದ ಚೂರು ಉಡ್ಯಾಗ ಕಟಿಗೊಂಡು ಬಂದು
ಗಾದಿ ಹೊಲದೆ.
ಭಾಳ ಮೆತ್ತಗಾಗಿತ್ತು. ಓಣಿಯವರು ಒತ್ತಿ ಒತ್ತಿ ನೋಡಿದ್ರು.
ಅದರ ಮ್ಯಾಲ ಅಂವ ಬೋರಲು ಬಿದ್ದ, ಅಂಬೆಗಾಲಿಟ್ಟ,
ಅಂಗೈ ಊರಿದ, ಅಂಗೈ ನೆಕ್ಕಿದ.
ಮೂಲ್ಯಾಗ ಮಲಗೂ ಬೆಕ್ಕು
ದಿನಕ್ಕ ನಾಕ ಸಲ ತಿಂದ್ರೂ ಎಲಬು ಕಾಣತದ.

ನಿನ್ನಿ ರಾತ್ರಿ ಹೊಲಿಗಿ ಬಿಚ್ಚಿದೆ.
ಚೂರೆಲ್ಲಾ ಹಳದಿ ಆಗಿದ್ವು,
ಮುಟ್ಟಿದ್ರ ಹಿಟ್ಟು.
ಚೀಲಕ್ಕ ತುಂಬಿ ಎದ್ದು ನಿಂತೆ.
ಹುಗದ್ರ ಮಣ್ಣಾಗೂದಿಲ್ಲ.
ಒಲಿಗೆ ಹಾಕಿದ್ರ ಹೊಗಿ, ಉರಿ ಅಲ್ಲ;
ಉರೀಬಾರದು ಅಂತನ ಮಾಡಿದ್ದಲ್ಲ ಅದನ್ನ,
ನಾವ ಕತ್ತರಿಸಿ, ನಮ್ಮ ಮುಂದ ಪಾಸ್ ಆಗಿ.

ಮೊಮ್ಮಗನ್ನ ಹಳೀ ಸೀರಿ ಮಡಚಿ ಮಲಗಿಸಿದೆ.
ನೆಲ ಒತ್ತತದ ಅಂತ ಅಂವ ಅತ್ತ.
ಗ್ವಾಡಿ ಮೊಳಿಗೆ ಅಪ್ಪನ ಕಮಾನು, ನರ ಹರದದ.
ಬಾಗಲದಾಗ ಚೀಲ.
ಬೆಳಗಾಗೂದ್ರಾಗ
ಬೆಕ್ಕು ಅದರ ಮ್ಯಾಲ ಸುತ್ತಿಕೊಂಡು ಮಲಗಿತ್ತು,
ಬೆಚ್ಚಗ ಅದ ಅಂತ.